ಬಾವುಟ ನಮ್ಮದು, ತಾಳ ಯಾರದು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕನ್ನಡದ ಹುಡುಗರೇ, ನವೆಂಬರ್ 1ರಂದು ನಿಮ್ಮ ಕೈಯಲ್ಲಿ ಹಳದಿ-ಕೆಂಪು ಬಾವುಟ, ಬಾಯಲ್ಲಿ ಭುವನೇಶ್ವರಿಗೆ ಜೈಕಾರ. ಸಂತೋಷ! ಆದರೆ ಹಿಂದೆ ಟ್ರ್ಯಾಕ್ಟರಿನ ಮೇಲೆ ಡಿಜೆ ಏನು ಬಾರಿಸುತ್ತದೆ? ಎರಡು ಕನ್ನಡ ಸಿನಿಮಾ ಹಾಡು, ಮೂರನೆಯದು ಹಿಂದಿ, ನಾಲ್ಕನೆಯದು ಮರಾಠಿ. ಬಾವುಟ ನಮ್ಮದು, ಸರಿ. ತಾಳ ಯಾರದು?

ಸಿಟ್ಟಾಗಬೇಡಿ, ಕೇಳಿ. 2008ರಲ್ಲಿ ರಘು ದೀಕ್ಷಿತ್ ಮೊದಲ ಆಲ್ಬಂ ಬಂತು. ಹಾಡು 8. ಕನ್ನಡದ್ದೆಷ್ಟು? ಎರಡೇ ಎರಡು! ಎರಡೂ 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರವು. ಉಳಿದವು ಹಿಂದಿ, ಇಂಗ್ಲಿಷ್. ಹೊರತಂದವರು ಮುಂಬೈನ ವಿಶಾಲ್-ಶೇಖರ್. ರಘು ಮೇಲೆ ನನಗೆ ಕೋಪವಿಲ್ಲ. ಶರೀಫರನ್ನು ಗಿಟಾರಿನ ಜೊತೆ ಹೊಸ ಹುಡುಗರ ಕಿವಿಗೆ ಮುಟ್ಟಿಸಿದವನು ಅವನು. ಬೈಯಬೇಕಾದ್ದು ನಮ್ಮನ್ನು. ಇಂಥ ಹಾಡಿಗೆ ಕಾಸು ಬಿಚ್ಚುವವರು ಮುಂಬೈನಲ್ಲೇ ಸಿಗಬೇಕಾಯಿತೆ?

ನಮ್ಮ ಚಪ್ಪಲಿಯ ಕಥೆ ನೆನಪಿಸಿಕೊಳ್ಳಿ. ಹೊಲಿಯುವುದು ಅಥಣಿ, ನಿಪ್ಪಾಣಿಯಲ್ಲೂ. ಹೆಸರು ಕೊಲ್ಹಾಪುರಿ! 2019ರ ಭೌಗೋಳಿಕ ಗುರುತಿನಲ್ಲಿ ಕರ್ನಾಟಕದ 4 ಜಿಲ್ಲೆ, ಮಹಾರಾಷ್ಟ್ರದ 4 ಜಿಲ್ಲೆ. ಪಾಲು ಸಮ, ಹೆಸರು ಒಂದೇ ಊರಿಗೆ. 2025ರಲ್ಲಿ ಇಟಲಿಯ ಪ್ರಾಡಾ ಅಂಥದೇ ಚಪ್ಪಲಿ ಮೆರೆಸಿದಾಗ ಅಥಣಿ ಎಂದವರೆಷ್ಟು ಮಂದಿ? ಹೊಲಿದವನ ಹೆಸರು ಹೋಗುತ್ತದೆ, ಮಾರಿದವನ ಹೆಸರು ಉಳಿಯುತ್ತದೆ. ಹಾಡಿಗೂ ಅದೇ ಗತಿ.

ಹಾಗಾದರೆ ದಾರಿ? 1976ರಲ್ಲಿ ನ್ಯೂಯಾರ್ಕಿನ ನಾಲ್ಕು ಹುಡುಗರು, ರಮೋನ್ಸ್ ಎಂಬವರು, ಪಂಕ್ ರಾಕ್ ಆಲ್ಬಂ ಮಾಡಿದರು. 14 ಹಾಡು, 29 ನಿಮಿಷ, ಖರ್ಚು ಸುಮಾರು 6,400 ಡಾಲರ್. ಮರುವರ್ಷ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಹುಡುಗರು 500 ಪೌಂಡ್ ಕೈಗಡ ತಂದು, ಯಾವ ಕಂಪನಿಯ ಬಾಗಿಲೂ ತಟ್ಟದೆ, ನಾಲ್ಕು ಹಾಡಿನ ಗಾನತಟ್ಟೆಯ ಸಾವಿರ ಪ್ರತಿ ತಾವೇ ಹಾಕಿಸಿದರು. ಅಚ್ಚುಕೂಟದವನಾದ ನನಗೆ ಆ ಲೆಕ್ಕ ಗೊತ್ತು. ಮೊದಲ ಸಾವಿರವೇ ದುಬಾರಿ. ಧೈರ್ಯ ಬೇಕಾಗುವುದೂ ಅದಕ್ಕೇ.

ಇವತ್ತು ತಟ್ಟೆಯೂ ಬೇಡ, ಕಿಸೆಯಲ್ಲಿನ ಫೋನು ಸಾಕು. ಕರಡಿ ಮಜಲಿನ ಗತ್ತು ನಿಮ್ಮ ಊರಲ್ಲೇ ಇದೆ, ಕೃಷ್ಣ ಪಾರಿಜಾತದ ಮಟ್ಟು ಇದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಅವ್ವಂದಿರಿದ್ದಾರೆ, ಕಬ್ಬಿನ ಬಾಕಿಗೆ ಅಲೆಯುವ ಅಪ್ಪಂದಿರಿದ್ದಾರೆ, 2019ರ ಕೃಷ್ಣೆಯ ನೆರೆಯಲ್ಲಿ ಮನೆ ಕಳೆದುಕೊಂಡವರಿದ್ದಾರೆ. ಇವರನ್ನು ಬೆಂಗಳೂರಿನವರು ಬಂದು ಹಾಡಬೇಕೆ?

ಮರಾಠಿ ಹಾಡಿನ ಮೇಲೆ ನನಗೆ ಹಗೆಯಿಲ್ಲ. ಅವರ ಹಾಡು ಅವರು ಕಟ್ಟಿಕೊಂಡರು. ನಾವು ಕಟ್ಟಿಕೊಳ್ಳಲಿಲ್ಲ, ಅಷ್ಟೆ. ಬೋರ್ಡಿಗೆ ಮಸಿ ಬಳಿಯಲು ಒಂದು ರಾತ್ರಿ ಸಾಕು. ಆ ಮಸಿ ಮಳೆಗೆ ತೊಳೆದುಹೋಗುತ್ತದೆ. ಬಾಯಿಗೆ ಹತ್ತಿದ ಹಾಡು ತೊಳೆದುಹೋಗುವುದಿಲ್ಲ!

ಮುಂದಿನ ರಾಜ್ಯೋತ್ಸವಕ್ಕೆ ಡಿಜೆಯಲ್ಲಿ ನಿಮ್ಮದೇ ಒಂದು ಹಾಡು ಬಾರಿಸಲಿ. ಪುಸ್ತಕದ ಕನ್ನಡ ಬೇಡ, ಮನೆಯಲ್ಲಿ ಆಡುವ ಕನ್ನಡ ಸಾಕು. ಹಾಡಿನ ಹಾಳೆ ನಾನು ಅಚ್ಚು ಹಾಕಿ ಕೊಡುತ್ತೇನೆ, ಕಾಗದದ ದುಡ್ಡೂ ಬೇಡ. ಪದ ಕಟ್ಟಿ ತನ್ನಿ!