ಐನೂರು ರೂಪಾಯಿಯ ಪತ್ತೇದಾರಿ

ಹೋದ ಶನಿವಾರ ಮಧ್ಯಾಹ್ನ ಯಲಹಂಕ ಉಪನಗರದ ನಮ್ಮ ಬೀದಿಯಲ್ಲಿ ಕರೆಂಟು ಹೋಗಿತ್ತು. ಕರೆಂಟು ಹೋದರೆ ನಮ್ಮ ಮನೆಯಲ್ಲಿ ಎರಡು ಒಳ್ಳೆಯ ಕೆಲಸ ಆಗುತ್ತವೆ. ಟೀವಿ ಬಾಯಿ ಮುಚ್ಚುತ್ತದೆ, ಏಳನೇ ಕ್ಲಾಸಿನ ನಮ್ಮ ಪುಟ್ಟಿ ಪುಸ್ತಕ ಹಿಡಿದುಕೊಂಡು ವರಾಂಡದಲ್ಲಿ ನನ್ನ ಪಕ್ಕ ಬಂದು ಕೂರುತ್ತಾಳೆ. ಅವಳ ಕೈಯಲ್ಲಿ ಅಗಾಥಾ ಕ್ರಿಸ್ಟಿಯ ಒಂದು ಕಾದಂಬರಿ ಇತ್ತು. ಅರ್ಧ ಗಂಟೆ ಓದಿ ತಲೆ ಎತ್ತಿದಳು.

"ತಾತ, ಈ ಊರಲ್ಲಿ ಇರೋದು ಒಂದು ಚರ್ಚು, ಒಂದು ಅಂಚೆ ಕಚೇರಿ, ನಾಲ್ಕು ಅಂಗಡಿ. ಆದ್ರೂ ವರ್ಷ ವರ್ಷ ಕೊಲೆ ಆಗುತ್ತೆ. ಅಲ್ಲಿ ಯಾರಾದ್ರೂ ಸೈಟು ತಗೋತಾರಾ?"

ನನಗೆ ನಗು ತಡೆಯಲಾಗಲಿಲ್ಲ. ಸೈಟಿನ ಮಾತಿಲ್ಲದೆ ದಿನ ಕಳೆಯದ ನಮ್ಮ ಉತ್ತರ ಬೆಂಗಳೂರಿನ ಹುಡುಗಿ ಅಲ್ಲವೇ!

ಅವಳು ಹೇಳಿದ ಊರಿನ ಹೆಸರು ಸೇಂಟ್ ಮೇರಿ ಮೀಡ್. ಯಾವ ಭೂಪಟದಲ್ಲೂ ಸಿಗದ, ಕ್ರಿಸ್ಟಿಯ ಕಲ್ಪನೆಯ ಇಂಗ್ಲಿಷ್ ಹಳ್ಳಿ. ಅಲ್ಲಿ ಮಿಸ್ ಮಾರ್ಪಲ್ ಎಂಬ ಅಜ್ಜಿ ಇದ್ದಾಳೆ. ಮದುವೆಯಾಗಿಲ್ಲ. ಉಲ್ಲನ್ ಹೆಣೆಯುತ್ತಾಳೆ, ತೋಟದ ಗಿಡ ನೋಡಿಕೊಳ್ಳುತ್ತಾಳೆ, ಅಕ್ಕಪಕ್ಕದವರೊಂದಿಗೆ ಟೀ ಕುಡಿಯುತ್ತಾಳೆ. 1930ರಲ್ಲಿ ಬಂದ 'ದಿ ಮರ್ಡರ್ ಅಟ್ ದಿ ವಿಕರೇಜ್' ಈ ಅಜ್ಜಿಯ ಮೊದಲ ಕಾದಂಬರಿ. ಒಟ್ಟು ಹನ್ನೆರಡು ಕಾದಂಬರಿಗಳಲ್ಲಿ ಅವಳು ಬರುತ್ತಾಳೆ. ಪೊಲೀಸರು ತಲೆ ಕೆರೆದುಕೊಳ್ಳುತ್ತಿರುವಾಗ ಇವಳು, 'ಈ ಮನುಷ್ಯನನ್ನು ನೋಡಿದರೆ ನಮ್ಮೂರಿನ ಇಂಥವನ ನೆನಪಾಗುತ್ತದೆ' ಎಂದು ಮೆಲ್ಲಗೆ ಶುರು ಮಾಡುತ್ತಾಳೆ. ಮನುಷ್ಯ ಸ್ವಭಾವ ಎಲ್ಲ ಕಡೆ ಒಂದೇ, ಸಣ್ಣ ಊರಿನಲ್ಲಿ ಅದನ್ನು ಹತ್ತಿರದಿಂದ ನೋಡಬಹುದು ಎಂಬುದು ಅವಳ ಲೆಕ್ಕ.

ಕೊಲೆಗೆ ಅಂಥ ಸಣ್ಣ ಊರೇ ಏಕೆ ಬೇಕು ಎಂದರೆ, ಅಲ್ಲಿ ಜನ ಕಡಿಮೆ. ಹೊಸಬರು ಬಂದರೆ ಹತ್ತು ಕಿಟಕಿಗಳ ಪರದೆ ಸರಿಯುತ್ತದೆ. ಹಾಗಾಗಿ ಅನುಮಾನ ಪಡಬೇಕಾದವರು ಏಳೆಂಟು ಮಂದಿ ಮಾತ್ರ. ಓದುವವರೂ ಪತ್ತೇದಾರರ ಜೊತೆ ಕೂತು ಲೆಕ್ಕ ಬಿಡಿಸಬಹುದು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಇಂಥ ಕಥೆ ಬರೆಯುವವರಿಗೆ ಹತ್ತು ನಿಯಮ ಮಾಡಿದರು. ದೆವ್ವ ಭೂತ ತಂದು ಗಂಟು ಬಿಡಿಸಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಕಾಣಬೇಕು ಎಂಬವು ಅದರಲ್ಲಿದ್ದವು. ಮೊಮ್ಮಕ್ಕಳು ಕೊಲೆ ಕಥೆ ಓದುತ್ತಾರಲ್ಲ ಎಂದು ಹೆದರುವ ಅಜ್ಜ ಅಜ್ಜಿಯರೇ, ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಆ ಪುಸ್ತಕಗಳಲ್ಲಿ ರಕ್ತಕ್ಕಿಂತ ಗಣಿತ ಹೆಚ್ಚು.

"ನಿಮ್ಮ ಕಾಲದಲ್ಲಿ ಇಂಥ ಪುಸ್ತಕ ಇತ್ತಾ ತಾತ?" ಎಂದಳು ಪುಟ್ಟಿ.

ಇಲ್ಲದೆ ಏನು! ನಾನು ಅವಳ ವಯಸ್ಸಿನಲ್ಲಿದ್ದಾಗ, ಅಂದರೆ 1960ರ ದಶಕದಲ್ಲಿ, ನಮ್ಮ ಮನೆ ಯಶವಂತಪುರದಲ್ಲಿತ್ತು. ದಿನಬಾಡಿಗೆಗೆ ಪುಸ್ತಕ ಕೊಡುವ ಪುಟ್ಟ ಅಂಗಡಿಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗೆ ನಾವು ಹುಡುಗರು ಪಾಳಿ ಹಚ್ಚುತ್ತಿದ್ದೆವು. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ — ಇವರೇ ನಮ್ಮ ಹೀರೋಗಳು. ನಾನು ಬೀಜಗಣಿತದ ಪುಸ್ತಕದೊಳಗೆ ಪುರುಷೋತ್ತಮನನ್ನು ಇಟ್ಟು ಓದುತ್ತಿದ್ದೆ. ನಮ್ಮಪ್ಪ ಅದನ್ನು ಪತ್ತೆ ಮಾಡಿದರು. ಅವರೇ ನಿಜವಾದ ಪತ್ತೇದಾರರು.

ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ! 2011ರಲ್ಲಿ ತೀರಿಕೊಂಡರು. ದೊಡ್ಡ ವಿಮರ್ಶಕರು ಅವರ ಬಗ್ಗೆ ಹೆಚ್ಚು ಬರೆಯಲಿಲ್ಲ. ಆದರೆ ನನ್ನ ವಯಸ್ಸಿನ ಎಷ್ಟೋ ಜನ ಕನ್ನಡ ಓದುವ ರುಚಿ ಹತ್ತಿಸಿಕೊಂಡದ್ದು ಅವರಿಂದಲೇ. ನಮ್ಮ ಹಳದಿ ಕೆಂಪು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಇದನ್ನು ಹೇಳಿದಾಗ ಪುಟ್ಟಿಯ ಕಣ್ಣು ಅರಳಿತು.

ಸಂಜೆ ಕರೆಂಟು ಬಂತು. ಅದರ ಜೊತೆಗೆ ಒಳಗಿನಿಂದ ನನ್ನಾಕೆಯ ದನಿಯೂ ಬಂತು. "ಏನ್ರೀ, ನನ್ನ ಬಲಗಿವಿ ಓಲೆ ಕಾಣಿಸ್ತಿಲ್ಲ!"

ಅದು ಅವಳ ತಾಯಿ ಕೊಟ್ಟ ಓಲೆ. ದೇವರ ಮನೆ, ಬಚ್ಚಲು, ಹಾಸಿಗೆ ಎಲ್ಲ ಕಡೆ ಹುಡುಕಿದೆವು. ಸಿಗಲಿಲ್ಲ. ಪುಟ್ಟಿ ಮಾತ್ರ ಒಂದು ನೋಟ್‌ಬುಕ್ ತಂದು ಗಂಭೀರವಾಗಿ ಕೂತು ಬರೆಯತೊಡಗಿದಳು. ಇಣುಕಿ ನೋಡಿದೆ. 'ಓಲೆ ಪ್ರಕರಣ' ಎಂದು ಮೇಲೆ. ಕೆಳಗೆ, 'ಅನುಮಾನ ನಂಬರ್ ಒಂದು: ಕೆಲಸದ ಅಕ್ಕ.'

"ಯಾಕಮ್ಮ ಅವಳು?" ಎಂದೆ.

"ಬೆಳಗ್ಗೆ ರೂಮು ಗುಡಿಸಿದ್ದು ಅವರೇ ಅಲ್ವಾ ತಾತ?"

"ರೂಮಿಗೆ ನಾನೂ ಹೋಗಿದ್ದೆ, ನೀನೂ ಹೋಗಿದ್ದೆ. ನಮ್ಮ ಹೆಸರು ಎಲ್ಲಿ?"

ಅವಳು ಪೆನ್ಸಿಲ್ ಕಚ್ಚಿಕೊಂಡು ಸುಮ್ಮನಾದಳು. ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಆ ಪಟ್ಟಿಯನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ. ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಎಲ್ಲರ ಮನಸ್ಸಿನಲ್ಲಿ ಬರೆದಿತ್ತು. ಅದಕ್ಕೇ ಯಾರಿಗೂ ಹೇಳದ ಕಥೆಯೊಂದನ್ನು ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ಅದು 1977. ಬಿಕಾಂ ಮುಗಿಸಿ ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ ಮೂರು ವರ್ಷವಾಗಿತ್ತು. ಕ್ಯಾಷ್ ಕೌಂಟರಿನಲ್ಲಿ ಕೂರುತ್ತಿದ್ದೆ. ಒಂದು ಸಂಜೆ ಲೆಕ್ಕ ಮುಗಿಸುವಾಗ ಐನೂರು ರೂಪಾಯಿ ಕಡಿಮೆ ಬಂತು. ಇನ್ನೊಮ್ಮೆ ಎಣಿಸಿದೆ. ಮತ್ತೂ ಎಣಿಸಿದೆ. ಐನೂರೇ ಕಡಿಮೆ. ಆಗಿನ ನನ್ನ ಅರ್ಧ ತಿಂಗಳ ಸಂಬಳಕ್ಕಿಂತ ಹೆಚ್ಚು. ಕೊರತೆ ಬಿದ್ದರೆ ಕ್ಯಾಷಿಯರೇ ಕೈಯಿಂದ ತುಂಬಬೇಕು. ಸಾಲ ಮಾಡಿ ತುಂಬಿದೆ.

ಹಣ ತುಂಬಿದ ಮಾತ್ರಕ್ಕೆ ಮಾತು ನಿಲ್ಲುತ್ತದೆಯೇ? ಆ ದಿನ ನನ್ನ ಕೌಂಟರಿನ ಒಳಗೆ ಕಾಫಿ ಲೋಟ ತಂದಿಟ್ಟವನು ನಮ್ಮ ಅಟೆಂಡರ್. ಯಾರೂ ಅವನನ್ನು ಕಳ್ಳ ಎನ್ನಲಿಲ್ಲ. ಆದರೆ ಅವನು ಬಂದಾಗ ಮಾತು ನಿಲ್ಲಿಸಿದರು. ಮರುದಿನ ಅವನ ಊಟದ ಡಬ್ಬಿಯ ಚೀಲ ತೆರೆಸಿ ನೋಡಿದರು. ಲಾಕರ್ ಕೋಣೆಯ ಕಡೆ ಅವನನ್ನು ಕಳಿಸುವುದು ನಿಂತಿತು. ನಾನು ಏನೂ ಹೇಳಲಿಲ್ಲ. ಅವನ ಮೇಲೆ ನನಗೇನೂ ಸಾಕ್ಷ್ಯ ಇರಲಿಲ್ಲ. ಆದರೂ 'ಅವನಿರಲಿಕ್ಕಿಲ್ಲ' ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಬೇರೆಯವನ ಮೇಲೆ ಅನುಮಾನ ಇದ್ದಷ್ಟು ದಿನ ನನ್ನ ಮೇಲೆ ಇರುವುದಿಲ್ಲವಲ್ಲ!

ಆ ಅಟೆಂಡರ್ ಮಧ್ಯಾಹ್ನದ ಬಿಡುವಿನಲ್ಲಿ ಸ್ಟೂಲಿನ ಮೇಲೆ ಕೂತು ನರಸಿಂಹಯ್ಯನವರನ್ನು ಓದುತ್ತಿದ್ದ. ಆರನೇ ದಿನ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಸಾರ್, ಪುಸ್ತಕದಲ್ಲಿ ಪತ್ತೇದಾರ ಬಂದ್ರೆ ಮೊದಲು ಕೋಣೆ ನೋಡ್ತಾನೆ, ಆಮೇಲೆ ಜನರ ಮುಖ ನೋಡ್ತಾನೆ. ನೀವೆಲ್ಲ ಮುಖ ನೋಡಿದ್ರಿ. ಅವತ್ತಿನ ಕಾಗದ ಯಾರಾದ್ರೂ ನೋಡಿದ್ರಾ?"

ಮಕ್ಕಳೇ, ಬ್ಯಾಂಕಿನಲ್ಲಿ ಹಣ ಕೊಡುವಾಗ ಚೆಕ್ಕಿನ ಹಿಂಬದಿಯಲ್ಲಿ ಯಾವ ನೋಟು ಎಷ್ಟು ಕೊಟ್ಟೆವು ಎಂದು ಬರೆಯುವ ಪದ್ಧತಿ ಇತ್ತು. ಆ ದಿನದ ವೋಚರ್ ಕಟ್ಟನ್ನು ಅಲ್ಮೆರಾದಿಂದ ತೆಗೆದೆ. ಒಂದೊಂದೇ ಚೆಕ್ಕು ತಿರುಗಿಸಿ ನೋಡುತ್ತ ಹೋದೆ. ಸೌದೆ ಡಿಪೋ ನಡೆಸುತ್ತಿದ್ದ ಒಬ್ಬರ ಚೆಕ್ಕು ಸಿಕ್ಕಿತು. ಮುಂದೆ 3,500 ರೂಪಾಯಿ. ಹಿಂದೆ ನನ್ನದೇ ಅಕ್ಷರದಲ್ಲಿ: ನೂರರ ನೋಟು 30, ಹತ್ತರ ನೋಟು 100. ಕೂಡಿಸಿ ನೋಡಿ. ಮೂರು ಸಾವಿರ, ಮತ್ತೊಂದು ಸಾವಿರ. ಒಟ್ಟು ನಾಲ್ಕು ಸಾವಿರ! ಹತ್ತರ ನೋಟು ಐವತ್ತು ಕೊಡುವ ಬದಲು ಇಡೀ ಕಟ್ಟು ಕೊಟ್ಟುಬಿಟ್ಟಿದ್ದೆ. ಕೊಟ್ಟದ್ದನ್ನು ಪ್ರಾಮಾಣಿಕವಾಗಿ ಬರೆದೂ ಇದ್ದೆ.

ಸುಳಿವು ಆರು ದಿನದಿಂದ ಅಲ್ಲೇ ಇತ್ತು. ನಾಕ್ಸ್ ಪಾದ್ರಿಯ ನಿಯಮದಂತೆ ಎಲ್ಲರಿಗೂ ಕಾಣುವ ಹಾಗೇ ಇತ್ತು. ಕಳ್ಳ ಯಾರು ಎಂದು ಮನಸ್ಸಿನಲ್ಲಿ ಮೊದಲೇ ತೀರ್ಮಾನಿಸಿದವರಿಗೆ ಕಾಗದ ತಿರುಗಿಸುವ ತೊಂದರೆ ಯಾಕೆ? ಬಿಕಾಂ ಓದಿದ ನನಗೆ ಹೊಳೆಯದ್ದು ಸ್ಟೂಲಿನ ಮೇಲೆ ಕೂತ ಆ ಓದುಗನಿಗೆ ಹೊಳೆಯಿತು. ಡಿಪೋ ಮಾಲೀಕರಿಗೆ ಚೆಕ್ಕು ತೋರಿಸಿದಾಗ, ತಮ್ಮ ಪೆಟ್ಟಿಗೆಯಲ್ಲಿ ಹೆಚ್ಚಿದ್ದ ಹಣದ ಲೆಕ್ಕ ತಾಳೆಯಾಯಿತೆಂದು ನಕ್ಕು ಐನೂರು ರೂಪಾಯಿ ವಾಪಸು ಕೊಟ್ಟರು.

"ಆಮೇಲೆ ನೀವು ಅಟೆಂಡರ್ ತಾತಂಗೆ ಸಾರಿ ಕೇಳಿದ್ರಾ?" ಎಂದಳು ಪುಟ್ಟಿ.

ಈ ಪ್ರಶ್ನೆಗೆ ಹೆದರಿಯೇ ನಾನು ಇಷ್ಟು ವರ್ಷ ಕಥೆ ಹೇಳಿರಲಿಲ್ಲ. ಇಲ್ಲ, ಕೇಳಲಿಲ್ಲ. ಅವನಿಗೆ ಒಂದು ಮಸಾಲೆ ದೋಸೆ, ಕಾಫಿ ಕೊಡಿಸಿದೆ. ಅವನು ತಿಂದ. "ಹೋಗ್ಲಿ ಬಿಡಿ ಸಾರ್" ಎಂದ. ಚೀಲ ತೆರೆಸಿದವರೂ ಕೇಳಲಿಲ್ಲ. ಕೆಲವು ವರ್ಷಕ್ಕೆ ನನಗೆ ಬೇರೆ ಶಾಖೆಗೆ ವರ್ಗವಾಯಿತು. ಆಮೇಲೆ ಅವನು ಎಲ್ಲಿಗೆ ಹೋದನೋ ತಿಳಿಯಲಿಲ್ಲ. ದೋಸೆಯಿಂದ ತೀರದ ಬಾಕಿ ಅದು. ನನ್ನ ಲೆಕ್ಕದ ಪುಸ್ತಕದಲ್ಲಿ ಇವತ್ತಿಗೂ ಹಾಗೇ ಇದೆ.

ಅಗಾಥಾ ಕ್ರಿಸ್ಟಿ 1958ರಲ್ಲಿ 'ಆರ್ಡೀಲ್ ಬೈ ಇನ್ನೋಸೆನ್ಸ್' ಎಂಬ ಕಾದಂಬರಿ ಬರೆದರು. ತಮ್ಮ ಪುಸ್ತಕಗಳಲ್ಲಿ ತಮಗೆ ಹೆಚ್ಚು ತೃಪ್ತಿ ಕೊಟ್ಟ ಎರಡರಲ್ಲಿ ಅದೂ ಒಂದು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕೊಲೆ ಮಾಡಿದನೆಂದು ಜೈಲಿಗೆ ಹೋದವನು ಅಲ್ಲೇ ಸತ್ತುಹೋಗಿದ್ದಾನೆ. ಅವನು ಕೊಲೆ ಮಾಡಿಲ್ಲ ಎಂದು ಹೇಳಬಲ್ಲ ಸಾಕ್ಷಿ ತಡವಾಗಿ ಬರುತ್ತಾನೆ. ಮನೆಯವರಿಗೆ ಸಂತೋಷವಾಗಬೇಕಲ್ಲ? ಆಗುವುದಿಲ್ಲ. ಅವನಲ್ಲ ಎಂದರೆ ಉಳಿದವರಲ್ಲಿ ಯಾರೋ ಒಬ್ಬರು ಎಂದಾಯಿತು. ಒಬ್ಬರ ಮುಖ ಒಬ್ಬರು ನೋಡಲು ಹೆದರುತ್ತಾರೆ. ನಿಜ ಹೊರಬರುವವರೆಗೆ ಏನೂ ಮಾಡದವರಿಗೂ ಬಿಡುಗಡೆ ಇಲ್ಲ.

ನಮ್ಮ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' ಓದಿದ್ದೀರಾ? 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಕೆಸರೂರು ಎಂಬ ಮಲೆನಾಡಿನ ಊರು. ಅಲ್ಲಿ ಏಲಕ್ಕಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವಿಜ್ಞಾನಿ ಸತ್ತಿದ್ದಾನೆ. ನಿಜ ತಿಳಿಯಲು ಅಧಿಕಾರಿಯೊಬ್ಬ ಬರುತ್ತಾನೆ. ಸೇಂಟ್ ಮೇರಿ ಮೀಡಿನ ಹಾಗೇ ಸಣ್ಣ ಊರು, ಒಂದು ಸಾವು, ಒಬ್ಬ ಪತ್ತೇದಾರ. ಆದರೆ ಕೆಸರೂರಿನಲ್ಲಿ ಜಾತಿ ಜಾತಿಯ ನಡುವೆ, ಗುಂಪು ಗುಂಪಿನ ನಡುವೆ ಅನುಮಾನ ಬೆಳೆಯುತ್ತ ಹೋಗುತ್ತದೆ. ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿ ಗಂಟು ಬಿಡಿಸಲು ಅಲ್ಲಿ ಯಾವ ಅಜ್ಜಿಯೂ ಇಲ್ಲ. ಮುಂದೇನಾಗುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ದೊಡ್ಡವರು ಈಗಲೇ ಓದಿ, ಮಕ್ಕಳು ಇನ್ನೊಂದೆರಡು ವರ್ಷ ಬಿಟ್ಟು ಓದಿ.

ಹುಡುಗನಾಗಿದ್ದಾಗ ನಾನು, ಪತ್ತೇದಾರನ ಕೆಲಸ ಕಳ್ಳನನ್ನು ಹಿಡಿಯುವುದು ಎಂದುಕೊಂಡಿದ್ದೆ. ಈಗ ಎಪ್ಪತ್ತು ದಾಟಿದ ಮೇಲೆ ಬೇರೆ ಅನ್ನಿಸುತ್ತದೆ. ಕಥೆಯಲ್ಲಿ ಎಂಟು ಜನರ ಮೇಲೆ ಅನುಮಾನ ಇದ್ದರೆ, ತಪ್ಪು ಮಾಡಿದವನು ಒಬ್ಬ. ಉಳಿದ ಏಳು ಜನ ತಲೆ ಎತ್ತಿ ಮನೆಗೆ ಹೋಗುವಂತೆ ಮಾಡುತ್ತಾನಲ್ಲ, ಅದೇ ಅವನ ದೊಡ್ಡ ಕೆಲಸ.

ಪುಟ್ಟಿ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಸಾಲನ್ನು ರಬ್ಬರಿನಿಂದ ಉಜ್ಜಿದಳು. ಬೇರೆ ಪ್ರಶ್ನೆ ಬರೆದುಕೊಂಡು ಅಜ್ಜಿಯ ಹತ್ತಿರ ಹೋದಳು. ಎರಡೂ ಓಲೆ ಇದ್ದದ್ದನ್ನು ಕೊನೆಯ ಸಲ ನೋಡಿದ್ದು ಯಾವಾಗ? ತಿರುಪು ಸಡಿಲ ಇತ್ತಾ? ವಾಕಿಂಗಿಗೆ ಯಾವ ದಾರಿಯಲ್ಲಿ ಹೋಗಿದ್ದು? ಮಫ್ಲರ್ ಕೊಡವಿದ್ದು ಎಲ್ಲಿ? ತಿರುಪು ಒಂದು ತಿಂಗಳಿಂದ ಸಡಿಲ ಎಂದು ಅಜ್ಜಿ ಒಪ್ಪಿಕೊಂಡಳು. ಶುಕ್ರವಾರ ಸಂಜೆ ಇದ್ದದ್ದು ಖಂಡಿತ, ಆಮೇಲಿನದು ನೆನಪಿಲ್ಲ ಎಂದಳು. ಮಫ್ಲರ್ ಒದರಿದೆವು, ಪೊರಕೆ ಬಿಚ್ಚಿದೆವು, ಭಾನುವಾರ ವಾಕಿಂಗಿನ ದಾರಿಯುದ್ದಕ್ಕೂ ನೆಲ ನೋಡುತ್ತ ನಡೆದೆವು.

ಓಲೆ ಸಿಗಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಸಿಕ್ಕಿಲ್ಲ. ಪುಸ್ತಕವಾಗಿದ್ದರೆ ಕೊನೆಯ ಪುಟದಲ್ಲಿ ಸಿಗುತ್ತಿತ್ತು.

ಸೋಮವಾರ ಬೆಳಗ್ಗೆ ಅಕ್ಕ ಎಂದಿನಂತೆ ಬಂದಳು. ಓಲೆ ಕಳೆದದ್ದನ್ನು ನನ್ನಾಕೆಯೇ ಹೇಳಿದಳು. "ತಿರುಪು ಸಡಿಲ ಇತ್ತಮ್ಮ, ನನ್ನದೇ ತಪ್ಪು. ಎಲ್ಲಾದರೂ ಕಂಡರೆ ಹೇಳು" ಎಂದಳು. ಅಕ್ಕ "ಅಯ್ಯೋ ಅಮ್ಮಾ" ಎಂದು ಪೊರಕೆ ಬಿಟ್ಟು ಮಂಚದ ಕೆಳಗೆ ಬಗ್ಗಿ ಟಾರ್ಚು ಹಿಡಿದು ಹುಡುಕತೊಡಗಿದಳು. ಪುಟ್ಟಿಯೂ ಪಕ್ಕದಲ್ಲಿ ಮಲಗಿ ಹುಡುಕಿದಳು. ಮಲಗುವ ಕೋಣೆಯ ಬೀರುವಿಗೆ ಹೊಸದಾಗಿ ಬೀಗ ಹಾಕಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

'ಓಲೆ ಪ್ರಕರಣ'ದ ಪುಟ ಈಗಲೂ ತೆರೆದೇ ಇದೆ. ಪ್ರಶ್ನೆಗಳಿವೆ, ಉತ್ತರ ಇಲ್ಲ. ಹೆಸರುಗಳ ಜಾಗ ಖಾಲಿ. ಪತ್ತೇದಾರ ಪುರುಷೋತ್ತಮ ಬಂದರೆ ಮುಂದುವರಿಸಲಿ ಎಂದು ಪುಟ್ಟಿ ಅದನ್ನು ನನ್ನ ಹಳೆಯ ಪಾಸ್‌ಬುಕ್ಕುಗಳ ಜೊತೆ ಇಟ್ಟಿದ್ದಾಳೆ.