ದೈವಕೃಪೆಯೂ ಆಮಿಷವಾದ ರಾಜ್ಯದಲ್ಲಿ

ಗುಜರಾತಿನ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ ಹುಟ್ಟಿದ್ದು 2003ರಲ್ಲಿ. ಹೆಸರು ಸ್ವಾತಂತ್ರ್ಯದ್ದು, ಹೊಟ್ಟೆಯೊಳಗಿರುವುದೆಲ್ಲ ನಿರ್ಬಂಧ. ಆ ವ್ಯಂಗ್ಯ ಹಳತಾಯಿತು, ಬಿಡೋಣ. 2021ರಲ್ಲಿ ಅದಕ್ಕೆ ತಿದ್ದುಪಡಿ ಬಂತು, ಜೂನ್ 15ರಿಂದ ಜಾರಿಯಾಯಿತು. ಟಿವಿ ಚರ್ಚೆಗಳೆಲ್ಲ ‘ಲವ್ ಜಿಹಾದ್’ ಎಂಬ ಒಂದೇ ಮಾತಿನ ಸುತ್ತ ಗಿರಕಿ ಹೊಡೆದವು. ಆ ಗದ್ದಲದಲ್ಲಿ ಕಾಯ್ದೆಯ ವ್ಯಾಖ್ಯೆಯೊಳಗೆ ಸದ್ದಿಲ್ಲದೆ ಸೇರಿಕೊಂಡ ಒಂದು ಸಾಲು ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಅಲ್ಲಿಯವರೆಗೆ ‘ಆಮಿಷ’ ಎಂದರೆ ಹಣ, ಉಡುಗೊರೆ, ಇನ್ನಿತರ ಲೌಕಿಕ ಲಾಭ. ಈಗ ಉತ್ತಮ ಜೀವನಶೈಲಿಯ ಭರವಸೆ ಮತ್ತು ದೇವರ ಆಶೀರ್ವಾದದ ಭರವಸೆ ಕೂಡ ಆಮಿಷ.

ಅಂದರೆ, ಸೋತು ಕುಳಿತವನ ಬಳಿ ಹೋಗಿ ‘ನಿನ್ನೊಬ್ಬನ ಕೈಲಿ ಆಗದು, ದೇವರ ಮೇಲೆ ಭಾರ ಹಾಕು, ಅವನು ಕೈಬಿಡುವುದಿಲ್ಲ’ ಎಂದು ಒಬ್ಬ ಪಾಸ್ಟರ್ ಹೇಳಿದ ಎಂದಿಟ್ಟುಕೊಳ್ಳಿ. ಆ ಮಾತು ಹಿಡಿದು ಅವನು ನಾಳೆ ದೀಕ್ಷಾಸ್ನಾನ ಪಡೆದರೆ ಪಾಸ್ಟರು ಆಮಿಷ ಒಡ್ಡಿದ ಆರೋಪಿಯಾಗಬಹುದು. ಒಡ್ಡಲಿಲ್ಲವೆಂದು ಸಾಬೀತು ಮಾಡುವ ಹೊಣೆಯೂ ಆರೋಪಿಯ ತಲೆಗೇ. 6ಎ ಕಲಮು ಹಾಗೆಂದೇ ಹೇಳುತ್ತದೆ. ಸಂಸ್ಥೆಯೇ ತಪ್ಪಿತಸ್ಥ ಎಂದಾದರೆ ಅದನ್ನು ನಡೆಸುವವರಿಗೆ 3ರಿಂದ 10 ವರ್ಷ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ.

ನಾನು ಕ್ರೈಸ್ತ, ಧಾರವಾಡದ ಕಡೆಯ ಬಾಸೆಲ್ ಮಿಶನ್ ಸಭೆಯಲ್ಲಿ ಬೆಳೆದವನು. ‘ದೇವರ ಮೇಲೆ ಭಾರ ಹಾಕು’ ಎಂಬ ಆ ಒಂದು ಮಾತನ್ನು ನಮ್ಮ ನಂಬಿಕೆಯಿಂದ ಕಿತ್ತುಹಾಕಿದರೆ ಉಳಿಯುವುದು ಕ್ರಿಸ್ಮಸ್ ಕೇಕು ಮತ್ತು ಗಾಯನ ಮಂಡಳಿ. ಮನುಷ್ಯನಿಗೆ ಧೈರ್ಯ ಬರುವುದು ಅವನ ಶಕ್ತಿಯಿಂದಲ್ಲ, ಅವನನ್ನು ಹಿಡಿದಿರುವ ಕೈಯಿಂದ. ಬಲಹೀನತೆ ನಾಚಿಕೆಯ ಸಂಗತಿಯಲ್ಲ, ಕೃಪೆ ಒಳಬರುವ ಬಾಗಿಲೇ ಅದು. ಪೌಲನ ಪತ್ರಗಳ ತಿರುಳು ಇದೇ. ಇದನ್ನು ಹೇಳದೆ ಸುವಾರ್ತೆ ಸಾರುವುದು ಹೇಗೆ? ಸಂವಿಧಾನದ 25ನೇ ವಿಧಿ ಧರ್ಮವನ್ನು ‘ಪ್ರಚಾರ’ ಮಾಡುವ ಹಕ್ಕನ್ನೂ ಕೊಟ್ಟಿದೆ. ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದಿತು. ಆದರೆ ತನ್ನ ಧರ್ಮದ ತತ್ವವನ್ನು ಬಿಡಿಸಿ ಹೇಳಿ ಹರಡುವ ಹಕ್ಕನ್ನು ಅದೇ ತೀರ್ಪು ಉಳಿಸಿತು. ತತ್ವವೇ ಆಮಿಷ ಎಂದಾದರೆ ಬಿಡಿಸಿ ಹೇಳುವುದೇನನ್ನು?

ಇದರ ಪಕ್ಕದಲ್ಲೇ ನಡೆಯುವ ಇನ್ನೊಂದು ಪ್ರಚಾರಕ್ಕೆ ಯಾರ ಅನುಮತಿಯೂ ಬೇಡ. ಅಹಮದಾಬಾದಿನಲ್ಲಾಗಲಿ ಸೂರತ್ತಿನಲ್ಲಾಗಲಿ ಯಾವ ದೊಡ್ಡ ರಸ್ತೆಯಲ್ಲಿ ಹೋದರೂ ವ್ಯಕ್ತಿತ್ವ ವಿಕಸನದ ಫ್ಲೆಕ್ಸುಗಳು. ಕೋಟು ತೊಟ್ಟವರೊಬ್ಬರು ಬೆರಳು ತೋರಿಸಿ ‘ನೀನೇ ನಿನ್ನ ಶಕ್ತಿ’ ಎನ್ನುತ್ತಿರುತ್ತಾರೆ. ಮೂರು ದಿನದ ಶಿಬಿರ, ಮುಂಗಡ ಶುಲ್ಕ, ಕೊನೆಯ ದಿನ ಕೆಂಡದ ಮೇಲೆ ನಡಿಗೆ. ಉತ್ತಮ ಜೀವನಶೈಲಿಯ ಭರವಸೆ ಇಲ್ಲಿ ಬಾಯಿಮಾತಲ್ಲ, ಕರಪತ್ರದಲ್ಲೇ ಅಚ್ಚಾಗಿರುತ್ತದೆ. ಕಾರು, ಬಂಗಲೆ, ವಿದೇಶ ಪ್ರವಾಸ, ಎಲ್ಲ ಇದೆ. ಫಲ ಸಿಗದಿದ್ದರೆ ತಪ್ಪು ನಿನ್ನದು, ನೀನು ಸಾಕಷ್ಟು ನಂಬಲಿಲ್ಲ. ಇದೂ ಒಂದು ಮತವೇ, ದೇವರ ಜಾಗದಲ್ಲಿ ಕನ್ನಡಿ ಇಟ್ಟುಕೊಂಡ ಮತ. ಆದರೆ ಮತಾಂತರಕ್ಕೆ ಅನುಮತಿ ಕೊಡುವ ಜಿಲ್ಲಾಧಿಕಾರಿ ಇದನ್ನು ತಿರುಗಿ ನೋಡುವುದಿಲ್ಲ. ನೋಡಬೇಕೆಂದು ನಾನು ಕೇಳುವುದೂ ಇಲ್ಲ. ಅವರವರ ದುಡ್ಡು, ಅವರವರ ಕೆಂಡ.

ಆ ಮತ ಕೈಕೊಡುವುದನ್ನು ನೋಡಬೇಕಾದರೆ ಸೂರತ್ತೇ ಸಾಕು. ಜಗತ್ತಿನ ವಜ್ರಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟಕ್ಕೆ ಮೆರುಗು ಬರುವುದು ಈ ಊರಿನಲ್ಲಿ. ಆ ಕೆಲಸಗಾರರನ್ನು ಅಲ್ಲಿ ‘ರತ್ನಕಲಾಕಾರ್’ ಎನ್ನುತ್ತಾರೆ. ಹೆಸರು ಘನವಾದದ್ದು, ಕೂಲಿ ಮಾತ್ರ ಬಹುಪಾಲು ಹರಳಿನ ಲೆಕ್ಕದಲ್ಲಿ. ತಿರುಗುವ ಚಕ್ರಕ್ಕೆ ಹರಳು ಒತ್ತಿ ಹಿಡಿದು, ಎತ್ತಿ, ಭೂತಗನ್ನಡಿಯಲ್ಲಿ ಮುಖ ನೋಡಿ, ಮತ್ತೆ ಒತ್ತಿ, ಹೀಗೆ ದಿನವಿಡೀ ಬಗ್ಗಿ ಕುಳಿತ ಬದುಕು. ಅಮೆರಿಕದಲ್ಲೂ ಚೀನಾದಲ್ಲೂ ಬೇಡಿಕೆ ಕುಸಿಯಿತು, ರಷ್ಯಾದ ವಜ್ರಕ್ಕೆ ಜಿ-7 ದೇಶಗಳು 2024ರ ಜನವರಿಯಿಂದ ಬಾಗಿಲು ಹಾಕಿದವು, ಪ್ರಯೋಗಾಲಯದ ವಜ್ರ ಬೆಲೆ ಇಳಿಸಿತು. ಕಾರ್ಖಾನೆಗಳು ದೀಪಾವಳಿ ರಜೆಯನ್ನು ಎಳೆದವು, ಕೆಲವು ಬಾಗಿಲು ತೆರೆಯಲೇ ಇಲ್ಲ. ಕಾರ್ಮಿಕರ ಆತ್ಮಹತ್ಯೆಗಳು ಸುದ್ದಿಯಾದವು. 2024ರ ಜುಲೈನಲ್ಲಿ ವಜ್ರ ಕಾರ್ಮಿಕರ ಸಂಘ ಸಹಾಯವಾಣಿಯನ್ನೇ ತೆರೆಯಬೇಕಾಯಿತು. ಇವರಲ್ಲಿ ಯಾರಿಗೂ ಆತ್ಮವಿಶ್ವಾಸದ ಕೊರತೆ ಇರಲಿಲ್ಲ. ಸೌರಾಷ್ಟ್ರದ ಹಳ್ಳಿ ಬಿಟ್ಟು ಬರಿಗೈಯಲ್ಲಿ ಬಂದು ಮನೆ ಕಟ್ಟಿದವರಿಗೆ ‘ನಿನ್ನನ್ನು ನೀನು ನಂಬು’ ಎಂದು ಕಲಿಸುವವರು ಯಾರು? ತಮ್ಮನ್ನೇ ನಂಬಿದ್ದರಿಂದಲೇ, ಮಾಸ್ಕೋ–ವಾಷಿಂಗ್ಟನ್ ಜಗಳದಲ್ಲಿ ಕೂಲಿ ಹೋದಾಗ, ಸೋಲನ್ನೂ ತಮ್ಮ ಹಣೆಗೇ ಬರೆದುಕೊಂಡರು. ಅಂಥ ಮನೆಯೊಳಗೆ ಹೋಗಿ ‘ನಿನ್ನ ಬೆಲೆ ನಿನ್ನ ಕೂಲಿಯಲ್ಲಿಲ್ಲ, ನಿನ್ನನ್ನು ಉಂಟುಮಾಡಿದವನು ನಿನ್ನನ್ನು ಬಲ್ಲ’ ಎಂದು ಹೇಳುವುದು ಅಪರಾಧವೇ? ಸತ್ಸಂಗದವರು ಹೇಳಿದರೆ ಸಾಂತ್ವನ, ಪಾಸ್ಟರು ಹೇಳಿದರೆ ಆಮಿಷ ಎನ್ನುವ ಲೆಕ್ಕ ಯಾವ ನ್ಯಾಯ?

ಸತ್ಸಂಗದವರ ಮೇಲೆ ನನಗೆ ಮುನಿಸಿಲ್ಲ. 2022ರ ಡಿಸೆಂಬರಿನಲ್ಲಿ ಅಹಮದಾಬಾದಿನಲ್ಲಿ ಸ್ವಾಮಿನಾರಾಯಣ ಸಂಸ್ಥೆಯ ಪ್ರಮುಖ ಸ್ವಾಮಿ ಮಹಾರಾಜರ ಶತಮಾನೋತ್ಸವ ಸುಮಾರು 600 ಎಕರೆಯಲ್ಲಿ ಒಂದು ತಿಂಗಳು ನಡೆಯಿತು, ಪ್ರಧಾನಿಯೇ ಉದ್ಘಾಟಿಸಿದರು. ಅಲ್ಲಿ ಬಂದ ಜನ ದೇವರ ಆಶೀರ್ವಾದದ ಮಾತನ್ನೇ ಕೇಳಿಸಿಕೊಂಡು ಹೋದರು. ಕೇಳಬೇಕಾದದ್ದೇ. ನಮ್ಮ ಶರಣರೂ ದಾಸರೂ ‘ನಾನು’ ಎಂಬುದನ್ನು ಕೆಳಗಿಳಿಸಿದವರೇ ತಾನೆ.

ಅದೇ ಅಹಮದಾಬಾದಿನಲ್ಲಿ ಫಾದರ್ ವಾಲೆಸ್ ಇದ್ದರು. ಸ್ಪೇನಿನ ಜೆಸ್ವಿಟ್, 1949ರಲ್ಲಿ ಭಾರತಕ್ಕೆ ಬಂದವರು, ಸೇಂಟ್ ಝೇವಿಯರ್ಸ್ ಕಾಲೇಜಿನ ಗಣಿತದ ಮೇಷ್ಟ್ರು. ಗುಜರಾತಿ ಕಲಿತು ಅದರಲ್ಲೇ ಬರೆದು ರಣಜಿತರಾಮ್ ಸುವರ್ಣಚಂದ್ರಕ ಪಡೆದರು. ತಮ್ಮ ವಸತಿ ಬಿಟ್ಟು ಸುಮಾರು ಹತ್ತು ವರ್ಷ ಹಳೇ ಪಟ್ಟಣದ ‘ಪೋಳ್’ಗಳಲ್ಲಿ, ಅಂದರೆ ಗೋಡೆಗೆ ಗೋಡೆ ಅಂಟಿದ ಮನೆಗಳ ಇಕ್ಕಟ್ಟಿನ ಕೇರಿಗಳಲ್ಲಿ, ಮನೆಯಿಂದ ಮನೆಗೆ ಅತಿಥಿಯಾಗಿ ತಿರುಗಿದರು. ಕೈಚೀಲ ಹಿಡಿದು ಬಾಗಿಲು ತಟ್ಟುವುದು, ಕೆಲವು ದಿನ ಇರಲೇ ಎಂದು ಕೇಳುವುದು, ಅವರು ಹಾಕಿದ್ದನ್ನು ಉಣ್ಣುವುದು, ಹಾಸಿದ ಕಡೆ ಮಲಗುವುದು, ಬೆಳಿಗ್ಗೆ ಕಾಲೇಜಿಗೆ ಸೈಕಲ್ ತುಳಿಯುವುದು. ಪತ್ರಿಕೆಯ ಅಂಕಣದಲ್ಲಿ ಎಳೆಯರಿಗೆ ಬರೆದದ್ದು ನಡತೆ, ಧೈರ್ಯ, ದೇವರ ಮೇಲಿನ ಭರವಸೆ. ಮನೆಮನೆಗಳಲ್ಲಿ ಅದನ್ನು ಓದಿದರು. 2020ರ ನವೆಂಬರಿನಲ್ಲಿ ತೀರಿಕೊಂಡರು. 2021ರ ಗಣರಾಜ್ಯೋತ್ಸವದ ಪಟ್ಟಿಯಲ್ಲಿ ಕೇಂದ್ರ ಸರ್ಕಾರ ಅವರಿಗೆ ಮರಣೋತ್ತರ ಪದ್ಮಶ್ರೀ ಘೋಷಿಸಿತು. ಜನವರಿಯಲ್ಲಿ ಪದ್ಮಶ್ರೀ, ಜೂನಿನಲ್ಲಿ ಕಾಯ್ದೆಯ ತಿದ್ದುಪಡಿ. ಅದೇ ಮಾತನ್ನು ಇವತ್ತು ಒಬ್ಬ ಬಡ ಬುಡಕಟ್ಟು ಪಾಸ್ಟರ್ ತಾಪಿ ಜಿಲ್ಲೆಯ ಗುಡಿಸಲಲ್ಲಿ ಆಡಿದರೆ ಅವನಿಗೆ ಸಿಗುವುದು ಬೇರೆಯದೇ ಪ್ರಶಸ್ತಿ.

ಕನ್ನಡದವರು ಇದನ್ನು ದೂರದ ಸಂಗತಿ ಎಂದುಕೊಳ್ಳಬೇಕಿಲ್ಲ. ಗುಜರಾತಿಗೆ ವ್ಯಾಕರಣ ಬರೆದ ಮಿಶನರಿ ಜೋಸೆಫ್ ವಾನ್ ಸಾಮರೆನ್ ಟೇಲರ್ ಹುಟ್ಟಿದ್ದು 1820ರಲ್ಲಿ, ನಮ್ಮ ಬಳ್ಳಾರಿಯಲ್ಲಿ. ಇನ್ನೂ ಹತ್ತಿರದ್ದು ಬಿಎಂಶ್ರೀಯವರ ‘ಕರುಣಾಳು ಬಾ ಬೆಳಕೆ’. ಶಾಲೆಯ ಪ್ರಾರ್ಥನೆಯಲ್ಲಿ ಅದನ್ನು ಹಾಡದ ಕನ್ನಡಿಗರ ಪೀಳಿಗೆ ಇದೆಯೇ? ಮೂಲ, ಜಾನ್ ಹೆನ್ರಿ ನ್ಯೂಮನ್ ಎಂಬ ಪಾದ್ರಿ 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದೆದ್ದು ಮರಳುವಾಗ ಹಡಗಿನಲ್ಲಿ ಬರೆದ ಕೀರ್ತನೆ. ತನ್ನ ದಾರಿ ತಾನೇ ಕಂಡುಕೊಳ್ಳುತ್ತೇನೆಂಬ ಹಮ್ಮು ಹೋಗಿ, ನಡೆಸುವ ಕೈಯನ್ನು ಬೇಡಿದವನ ಹಾಡು ಅದು. ಅದನ್ನೇ ನರಸಿಂಹರಾವ್ ದಿವೇಟಿಯಾ ಗುಜರಾತಿಗೆ ತಂದರು, ಗಾಂಧೀಜಿಯ ಆಶ್ರಮದ ಭಜನಾವಳಿಗೆ ಸೇರಿತು. ಹೈಸ್ಕೂಲಿನ ಬಳಿ ನಿಂತು ಹಿಂದೂ ದೇವರುಗಳನ್ನು ಹೀಯಾಳಿಸುತ್ತಿದ್ದ ಮಿಶನರಿಗಳನ್ನು ಕಂಡು ರಾಜಕೋಟದ ಹುಡುಗ ಗಾಂಧಿಗೆ ಕ್ರೈಸ್ತಧರ್ಮವೇ ಬೇಸರವಾಗಿತ್ತು, ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮುಂದೆ ಮತಾಂತರವನ್ನೂ ಕಟುವಾಗಿ ಟೀಕಿಸಿದರು. ಆದರೂ ಹಾಡನ್ನು ಹೊರಗಿಡಲಿಲ್ಲ. ಈಗ ಆಳುವವರು ಅವರಿಗೆ ಪ್ರಿಯವಾಗಿದ್ದ ಇನ್ನೊಂದು ಕೀರ್ತನೆ ‘ಅಬೈಡ್ ವಿತ್ ಮಿ’ಯನ್ನು 2022ರಲ್ಲಿ ದೆಹಲಿಯ ಬೀಟಿಂಗ್ ರಿಟ್ರೀಟ್‌ನಿಂದ ತೆಗೆದುಹಾಕಿದರು.

ಇನ್ನು ವಡೋದರಾ. 2021ರ ಡಿಸೆಂಬರಿನಲ್ಲಿ ಮಕರ್‌ಪುರಾ ಠಾಣೆಯಲ್ಲಿ ಮಿಶನರೀಸ್ ಆಫ್ ಚಾರಿಟಿಯ ಹೆಣ್ಣುಮಕ್ಕಳ ಆಶ್ರಯಧಾಮದ ವಿರುದ್ಧ ಎಫ್‌ಐಆರ್ ಆಯಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗದ ಅಧ್ಯಕ್ಷರು ಭೇಟಿಕೊಟ್ಟ ಮೇಲೆ ಜಿಲ್ಲೆಯ ಅಧಿಕಾರಿ ಕೊಟ್ಟ ದೂರು. ಹುಡುಗಿಯರ ಕೊರಳಿಗೆ ಶಿಲುಬೆ ಹಾಕಿಸುತ್ತಾರೆ, ಬೈಬಲ್ ಓದಿಸುತ್ತಾರೆ, ಪ್ರಾರ್ಥನೆಗೆ ಕೂರಿಸುತ್ತಾರೆ, ಗ್ರಂಥಾಲಯದಲ್ಲಿ 13 ಬೈಬಲ್ ಸಿಕ್ಕಿದವು ಎಂಬುದು ಆರೋಪ. ನಾವು ಯಾರನ್ನೂ ಮತಾಂತರಿಸಿಲ್ಲ, ಇಲ್ಲಿರುವ 24 ಹುಡುಗಿಯರು ನಾವು ಪ್ರಾರ್ಥಿಸುವುದನ್ನು ನೋಡಿ ಹಾಗೆ ಮಾಡುತ್ತಾರೆ ಎಂದು ಸಂಸ್ಥೆ ಹೇಳಿತು. ಇಲ್ಲಿ ನಾನು ನನ್ನವರ ಪರ ಕಣ್ಣುಮುಚ್ಚಿ ವಾದಿಸುವುದಿಲ್ಲ. ಹೆತ್ತವರಿಲ್ಲದ ಮಗುವನ್ನು ಒತ್ತಾಯದಿಂದ ಪ್ರಾರ್ಥನೆಗೆ ಕೂರಿಸಿದ್ದರೆ ಅದು ತಪ್ಪೇ. ಬೇಡ ಎನ್ನಲಾರದವರ ಮೊಣಕಾಲು ಬಗ್ಗಿಸಿ ಯೇಸುವಿಗೆ ಆಗಬೇಕಾದದ್ದೇನೂ ಇಲ್ಲ. ಒತ್ತಾಯ ನಡೆಯಿತೇ ಎಂಬುದನ್ನು ಸಾಕ್ಷ್ಯ ಹೇಳಬೇಕು. ಆದರೆ ಕ್ರೈಸ್ತ ಸಿಸ್ಟರುಗಳ ಮನೆಯಲ್ಲಿ ಬೈಬಲ್ ಸಿಗುವುದೇ ಪುರಾವೆಯೇ? ಸಿಗದಿದ್ದರೆ ಅಲ್ಲವೇ ಆಶ್ಚರ್ಯಪಡಬೇಕಾದದ್ದು? 2011ರ ಜನಗಣತಿಯಲ್ಲಿ ಗುಜರಾತಿನ ಕ್ರೈಸ್ತರು ಸುಮಾರು 3.16 ಲಕ್ಷ, ಶೇ 0.52. ಇಷ್ಟು ಜನರ ಪುಸ್ತಕಕ್ಕೆ ಒಂದು ರಾಜ್ಯ ಬೆಚ್ಚುತ್ತದೆಂದರೆ ಆತ್ಮವಿಶ್ವಾಸದ ಶಿಬಿರ ಯಾರಿಗೆ ಬೇಕು?

ಅದೇ ಊರಿನಲ್ಲಿ 1917ರಲ್ಲಿ ಅಂಬೇಡ್ಕರ್ ತಂಗಲು ಜಾಗವಿಲ್ಲದೆ ಅಲೆದರು. ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಓದಿ ಬಂದು, ಅಲ್ಲಿನ ಮಹಾರಾಜ ಸಯಾಜಿರಾಯರ ಸರ್ಕಾರದಲ್ಲಿ ಹುದ್ದೆ ಹಿಡಿದಿದ್ದವರು. ಆತ್ಮವಿಶ್ವಾಸಕ್ಕೆ ಇನ್ನೇನು ಬೇಕಿತ್ತು? ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಡಿಸಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ ಇದ್ದರು. ಕ್ರೈಸ್ತ ಗೆಳೆಯ ಹೆಂಡತಿಯನ್ನು ಕೇಳಬೇಕು ಎಂದು ನುಣುಚಿಕೊಂಡ. ಆ ದಂಪತಿ ಮೊದಲು ಬ್ರಾಹ್ಮಣರಾಗಿದ್ದವರು, ದೀಕ್ಷಾಸ್ನಾನದ ನೀರು ಜಾತಿಯನ್ನು ತೊಳೆದಿರಲಿಲ್ಲ. ಸಭೆಗಳಲ್ಲಿ ಇದನ್ನು ಯಾವ ಬೋಧಕರೂ ಉದಾಹರಿಸುವುದಿಲ್ಲ. ಅಂಬೇಡ್ಕರ್ ಕೊನೆಗೆ ಬುದ್ಧನ ಕಡೆ ನಡೆದರು. 1956ರಲ್ಲಿ ನಾಗಪುರದಲ್ಲಿ ಅವರು ದೀಕ್ಷೆ ಪಡೆಯಲು ಕಲೆಕ್ಟರ ಸಹಿ ಬೇಕಿರಲಿಲ್ಲ. ಇವತ್ತು ವಡೋದರಾದ ದಲಿತನೊಬ್ಬ ಬೌದ್ಧನಾಗಬೇಕೆಂದರೆ ಬೇಕು: 2024ರ ಏಪ್ರಿಲ್ 8ರಂದು ಗುಜರಾತ್ ಗೃಹ ಇಲಾಖೆ ಸುತ್ತೋಲೆ ಹೊರಡಿಸಿ ಬೌದ್ಧ, ಜೈನ, ಸಿಖ್ ಧರ್ಮಗಳಿಗೆ ಸೇರಲೂ ಮುಂಗಡ ಅನುಮತಿ ಕಡ್ಡಾಯ ಎಂದಿತು.

ಈ ಕಾಯ್ದೆಗೆ ವಾದ ಒದಗಿಸಿಕೊಟ್ಟವರು ನಮ್ಮೊಳಗೂ ಇದ್ದಾರೆ. ‘ಬನ್ನಿರಿ, ಸ್ವಸ್ಥರಾಗಿರಿ, ಸಾಲದಿಂದ ಬಿಡುಗಡೆ’ ಎಂದು ಬ್ಯಾನರ್ ಕಟ್ಟುವ ಉಜ್ಜೀವನ ಕೂಟಗಳು, ದಶಮಾಂಶ ಕೊಟ್ಟರೆ ಹತ್ತು ಪಟ್ಟು ಬರುತ್ತದೆನ್ನುವ ಬೋಧಕರು, ವೀಸಾ ಸಿಕ್ಕಿದ್ದನ್ನೇ ಸಾಕ್ಷಿ ಹೇಳಿಸುವ ವೇದಿಕೆಗಳು. ಇವರಿಗೂ ಕೋಟು ತೊಟ್ಟ ಶಿಬಿರದವನಿಗೂ ಏನು ವ್ಯತ್ಯಾಸ? ದೇವರನ್ನು ನಂಬುವುದೆಂದರೆ ದೇವರ ಕೈಯಿಂದ ಕೆಲಸ ಮಾಡಿಸಿಕೊಳ್ಳುವುದು ಎಂದುಕೊಂಡಿದ್ದಾರೆ. ಶಿಲುಬೆಗೇರಿದವನ ಹೆಸರಲ್ಲಿ ಯಶಸ್ಸಿನ ಗ್ಯಾರಂಟಿ ಕಾರ್ಡು ಹಂಚುವುದು ಹಾಸ್ಯವೂ ಹೌದು, ದ್ರೋಹವೂ ಹೌದು. ಗುಜರಾತಿನ ಶಾಸಕರು ಕೃಪೆಯನ್ನು ಸರಕು ಎಂದು ಓದಿದ್ದಾರೆ. ಅದಕ್ಕೆ ಮೊದಲೇ ನಮ್ಮವರು ಅದಕ್ಕೆ ಬೆಲೆಪಟ್ಟಿ ಅಂಟಿಸಿಬಿಟ್ಟಿದ್ದರು. ಆದರೆ ಕೆಟ್ಟ ಬೋಧನೆಗೆ ಮದ್ದು ಒಳ್ಳೆಯ ಬೋಧನೆ. ಠಾಣೆಯಲ್ಲ. ಮೋಸ ಮಾಡಿ ಹಣ ಕಿತ್ತಿದ್ದರೆ ಅದಕ್ಕೆ ಮಾಮೂಲಿ ದಂಡಸಂಹಿತೆಯೇ ಸಾಕು.

ಕರ್ನಾಟಕದ 2022ರ ಕಾಯ್ದೆ ಇನ್ನೂ ವಿಚಿತ್ರ. ಅದು ಆಮಿಷದ ಪಟ್ಟಿಗೆ ದೇವರ ಅವಕೃಪೆಯನ್ನು ಸೇರಿಸಿತ್ತು; ದೇವರು ಮುನಿಯುತ್ತಾನೆಂದರೆ ಯಾರು ಆಸೆಪಟ್ಟು ಹೋಗುತ್ತಾರೋ! ಅದನ್ನು ಹಿಂಪಡೆಯಲು 2023ರ ಜೂನ್ 15ರಂದು ಸಂಪುಟ ತೀರ್ಮಾನಿಸಿತು. ಗುಜರಾತಿನಲ್ಲಿ ಅಂಥ ಲಕ್ಷಣ ಕಾಣುವುದಿಲ್ಲ. 2021ರ ಆಗಸ್ಟ್ 19ರಂದು ಅಲ್ಲಿನ ಹೈಕೋರ್ಟು ಹಲವು ಕಲಮುಗಳಿಗೆ ಮಧ್ಯಂತರ ತಡೆ ಕೊಟ್ಟಿದ್ದು ನಿಜ. ಆದರೆ ಆ ಆದೇಶ ಹೊರಟಿದ್ದು ಅಂತರಧರ್ಮೀಯ ಮದುವೆಯಾದವರನ್ನು ಕಾಪಾಡಲು. ನಾಲ್ಕೇ ತಿಂಗಳಲ್ಲಿ ಮಕರ್‌ಪುರಾ ಠಾಣೆಯ ಎಫ್‌ಐಆರ್ ಬಂತು. ತಡೆಯ ವಿರುದ್ಧ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ವಾದ ನಡೆಯುವಾಗ ಮದುವೆಯ ವಿಷಯದ ಜೊತೆಗೆ ಆ ಒಂದು ಸಾಲನ್ನೂ ಯಾರಾದರೂ ಎತ್ತಿಕೊಳ್ಳಲಿ. ದೇವರ ಆಶೀರ್ವಾದ ಆಮಿಷವಾಗುವುದು ಯಾವ ಅಳತೆಯಲ್ಲಿ, ಅದನ್ನು ಅಳೆಯುವ ಜಿಲ್ಲಾಧಿಕಾರಿಗೆ ಅರ್ಹತೆ ಎಲ್ಲಿಂದ ಬಂತು ಎಂದು ಸರ್ಕಾರದ ವಕೀಲರನ್ನು ಕೇಳಲಿ. ಅಲ್ಲಿಯವರೆಗೆ ಸಭೆಗಳವರು ಬ್ಯಾನರುಗಳನ್ನು ಇಳಿಸಿ, ಹೇಳಬೇಕಾದದ್ದನ್ನು ಬಾಯಿಬಿಟ್ಟು ಹೇಳುತ್ತಲೇ ಇರಬೇಕು. ಕೇಸು ಬಿದ್ದರೆ ಬೀಳಲಿ.