ಮುಂಗಡದ ಹಣವೂ ಬಾಡಿಗೆದಾರರ ಎಚ್ಚರವೂ

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಣ ಗ್ರಾಮಗಳಲ್ಲಿ 2,050 ಮೆಗಾವಾಟಿನ ಸೌರವಿದ್ಯುತ್ ಸ್ಥಾವರಕ್ಕಾಗಿ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದಾಗ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯೆಂದೂ ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆಯೆಂದೂ ಗೊತ್ತುಮಾಡಲಾಯಿತು. ಆ ದರವು ನ್ಯಾಯವೇ ಎಂಬುದು ಬೇರೆ ಚರ್ಚೆ. ಲೆಕ್ಕವಂತೂ ಕಾಗದದ ಮೇಲಿದೆ. ಅದೇ ಪಾವಗಡದ ಪೇಟೆಯಲ್ಲಿಯೂ, ಮಧುಗಿರಿ, ಶಿರಾ, ಕೊರಟಗೆರೆಗಳಲ್ಲಿಯೂ, ವರ್ಗವಾಗಿ ಬಂದ ಉಪಾಧ್ಯಾಯರಾಗಲಿ ಸಣ್ಣ ವ್ಯಾಪಾರಿಗಳಾಗಲಿ ಮನೆ ಹಿಡಿಯುವಾಗ ಮುಂಗಡವನ್ನು ಬಾಯಿಮಾತಿನ ಮೇಲೆಯೇ ಎಣಿಸಿಕೊಡುವುದುಂಟು. ಭೋಗ್ಯಕ್ಕೆ ಹಾಕಿಕೊಂಡವರಲ್ಲಿ ಅನೇಕರಿಗೆ ಅದು ಜೀವಮಾನದ ಉಳಿತಾಯ.

ವಾದವು ಏಳುವುದು ಮನೆ ಬಿಡುವ ದಿನ. ಸುಣ್ಣಬಣ್ಣಕ್ಕೆಷ್ಟು, ಮುರಿದ ಚಿಲಕಕ್ಕೆಷ್ಟು, ವಿದ್ಯುತ್ತಿನ ಬಾಕಿಯೆಷ್ಟು ಎಂದು ಕಳೆಯುತ್ತ ಹೋದರೆ ಕೊನೆಗೆ ಕೈಗೆ ಬರುವುದು ಅತ್ಯಲ್ಪ. ಮಾಲೀಕರೆಲ್ಲರೂ ವಂಚಕರೆಂದು ನಾವು ಹೇಳುವವರಲ್ಲ. ಬಾಡಿಗೆ ಬಾಕಿಯಿಟ್ಟು ರಾತ್ರೋರಾತ್ರಿ ಹೋದವರಿಂದ ನೊಂದ ಮಾಲೀಕರೂ ಇದ್ದಾರೆ. ಆದರೆ ಹಣವು ಮಾಲೀಕನ ವಶದಲ್ಲಿರುವುದರಿಂದ, ಅದನ್ನು ಕೊಟ್ಟೆನೆಂದು ತೋರಿಸುವ ಭಾರವು ಬಾಡಿಗೆದಾರನ ಮೇಲೆ ಬೀಳುತ್ತದೆ.

1908ರಲ್ಲಿ ಪರಕೀಯ ಸರ್ಕಾರವು ಮಾಡಿದ ನೋಂದಣಿ ಶಾಸನವು ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕೆನ್ನುತ್ತದೆ. 11 ತಿಂಗಳ ಕರಾರೆಂಬ ಜಾಣತನವು ಹುಟ್ಟಿದ್ದು ಇದರಿಂದಲೇ. ಸ್ವರಾಜ್ಯವು ಬಂದು ಮುಕ್ಕಾಲು ಶತಮಾನ ಕಳೆದರೂ ನಾವು ಆ ಕಿಂಡಿಯಲ್ಲಿಯೇ ನುಸುಳುತ್ತಿದ್ದೇವೆ! 2021ರ ಜೂನಿನಲ್ಲಿ ಕೇಂದ್ರ ಮಂತ್ರಿಮಂಡಲವು ಒಪ್ಪಿದ ಮಾದರಿ ಬಾಡಿಗೆ ಶಾಸನವು ವಾಸದ ಮನೆಯ ಮುಂಗಡವು ಎರಡು ತಿಂಗಳ ಬಾಡಿಗೆಗೆ ಮೀರಬಾರದೆಂದಿದೆ. ಆದರೆ ರಾಜ್ಯದ ಶಾಸನಸಭೆಯು ಅಂಗೀಕರಿಸಿದ ಹೊರತು ಮಾದರಿಯು ಬರಿಯ ಮಾದರಿಯೇ.

ಆದಕಾರಣ ವಾಚಕರು ಮನೆ ಹೊಕ್ಕ ದಿನವೇ ಬಿಡುವ ದಿನವನ್ನು ನೆನೆಯಬೇಕು. ಮುಂಗಡವನ್ನು ಬ್ಯಾಂಕಿನ ಮೂಲಕ ಕೊಡುವುದು; ನಗದಾದರೆ ಸಹಿಯ ರಸೀತಿ ಪಡೆಯುವುದು; ಗೋಡೆ, ನಲ್ಲಿ, ಮೀಟರುಗಳ ಸ್ಥಿತಿಯನ್ನು ಉಭಯರೂ ಬರೆದು ಸಹಿ ಹಾಕಿ, ಚಿತ್ರ ತೆಗೆದಿಡುವುದು; ಬಿಡುವಾಗಲೂ ಹಾಗೆಯೇ ಮಾಡುವುದು. ಚಿತ್ರಗಳಿರುವ ಮೂಲ ಫೋನನ್ನು ಜೋಪಾನವಾಗಿಡಬೇಕು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ, ಅವುಗಳ ಪ್ರತಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಪ್ರಮಾಣಪತ್ರವೂ ಜೊತೆಗಿರಬೇಕು. ಹಣ ಬಾರದಿದ್ದರೆ ಲಿಖಿತವಾಗಿಯೇ ಕೇಳತಕ್ಕದ್ದು. ಇಂತಹ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಅವಧಿಯುಂಟು. ಇಂದು ನಾಳೆಯೆಂಬ ಭರವಸೆಯಲ್ಲಿ ಅದು ಕಳೆದುಹೋಗುವುದು ತಿಳಿಯುವುದೇ ಇಲ್ಲ.

ಇಷ್ಟನ್ನು ವಕೀಲರ ನೆರವಿಲ್ಲದೆ ಮಾಡಬಲ್ಲವರು ಎಷ್ಟು ಮಂದಿ? ಮುಂಗಡದ ರಸೀತಿಯ, ಮನೆಯ ಸ್ಥಿತಿಪಟ್ಟಿಯ ಕನ್ನಡ ನಮೂನೆಯೊಂದನ್ನು ಅಚ್ಚು ಹಾಕಿಸಿ ಈ ನಾಲ್ಕು ಪಟ್ಟಣಗಳ ಪುರಸಭೆ, ಪಂಚಾಯತಿ ಕಛೇರಿಗಳಲ್ಲಿ ಉಚಿತವಾಗಿ ಕೊಡಿಸುವುದು ಜಿಲ್ಲಾಡಳಿತಕ್ಕೆ ಕಷ್ಟವಲ್ಲ. ಅದಕ್ಕೆ ಹೊಸ ಶಾಸನವೂ ಬೇಕಿಲ್ಲ.